ಸರದಾರನನ್ನು ಕರೆದವರು ಯಾರು?

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿರುವವನು ನಾನು. ನಿಂಬೆಹಣ್ಣು ಕುಯ್ದರೆ ರಕ್ತ ಬರುವಂತೆ ಮಾಡುವುದು, ನಾಲಿಗೆ ಮೇಲೆ ಕರ್ಪೂರ ಹಚ್ಚುವುದು, ಇವನ್ನೆಲ್ಲ ಕ್ಲಾಸಿನಲ್ಲಿ ಮಾಡಿ ತೋರಿಸಿ, ಇದರಲ್ಲಿ ಮಾಟವೂ ಇಲ್ಲ ಮಂತ್ರವೂ ಇಲ್ಲ ಅಂತ ಮಕ್ಕಳಿಗೆ ತಿಳಿಸಿ ಹೇಳಿದ್ದೇನೆ. ಆತಗೂರಿನ ಹತ್ತಿರದ ನಮ್ಮೂರಿನಲ್ಲಿ ಒಂದು ಪಾಳುಬಾವಿಯಿಂದ ಹೆಂಗಸು ಅಳುವ ಸದ್ದು ಬರುತ್ತದೆ ಅಂತ ಜನ ಆ ದಾರಿಯನ್ನೇ ಬಿಟ್ಟಿದ್ದರು. ಬಾವಿಗೆ ಇಳಿದು, ಕಲ್ಲಿನ ಸಂದಿಯಲ್ಲಿದ್ದ ಗೂಬೆ ಮರಿಗಳನ್ನು ಊರಿಗೆ ತೋರಿಸಿದವನು ನಾನೇ. ಅಂಥವನು ಇದನ್ನು ಬರೆಯುತ್ತಿದ್ದೇನೆ. ನಂಬಿ ಅಂತ ಕೇಳುತ್ತಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ಆದದ್ದನ್ನು ಆಗಲಿಲ್ಲ ಅನ್ನುವುದಕ್ಕೂ ಬಾಯಿ ಬರುತ್ತಿಲ್ಲ.

ಇದರಲ್ಲಿ ನನ್ನದೊಂದು ಸಣ್ಣತನವೂ ಇದೆ. ಅದನ್ನು ಮುಚ್ಚಿಟ್ಟು ಹೇಳಬಹುದಿತ್ತು. ಹಾಗೆ ಒಂದೆರಡು ಸಲ ಹೇಳಿಯೂ ಇದ್ದೇನೆ. ಅದನ್ನು ಬಿಟ್ಟರೆ ಇದು ಬರೀ ಕಾಡುಹರಟೆಯಾಗುತ್ತದೆ. ಹಾಗಾಗಿ ಈ ಸಲ ಬಿಡದೆ ಹೇಳುತ್ತೇನೆ.

ನನಗೆ ಮದುವೆಯಾದದ್ದು ನಲವತ್ತನಾಲ್ಕನೇ ವಯಸ್ಸಿನಲ್ಲಿ. ಅಪ್ಪ ಬೇಗ ಹೋದರು. ತಂಗಿಯರಿಬ್ಬರನ್ನು ದಡ ಸೇರಿಸುವ ಹೊತ್ತಿಗೆ ನನ್ನ ತಲೆ ಅರ್ಧ ನರೆತಿತ್ತು. ಇನ್ನು ಸಾಕು ಅಂದುಕೊಂಡಿದ್ದಾಗ ತಂಗಿಯ ಗಂಡನ ಕಡೆಯವರು ಗಿರಿಜಾಳ ವಿಷಯ ತಂದರು. ಮಳವಳ್ಳಿ ತಾಲ್ಲೂಕಿನವಳೇ. ಗದಗದ ಕಡೆಯ ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬಿನ ಕೆಲಸ. ಅಲ್ಲಿಯೇ ಪರಿಚಯವಾದ ಬಸವರಾಜ ಅನ್ನುವ ಪಿ.ಟಿ. ಮಾಸ್ತರರನ್ನು ಮದುವೆಯಾಗಿದ್ದಳು. ಒಂದು ದಿನ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಕವಾಯತು ಹೇಳುತ್ತ ನಿಂತಿದ್ದ ಆತ ಹಾಗೇ ಕುಸಿದು, ಮತ್ತೆ ಏಳಲಿಲ್ಲವಂತೆ. ಮಕ್ಕಳಿರಲಿಲ್ಲ. ನಾಲ್ಕು ನಾಯಿಗಳಿದ್ದವು.

ನಮ್ಮನ್ನು ಮಾತಾಡಿಕೊಳ್ಳಲು ಬಿಟ್ಟಾಗ ಅವಳು ಒಂದೇ ಒಂದು ಷರತ್ತು ಹೇಳಿದಳು. "ನಾಯ್ಗಳೂ ಬತ್ತವೆ. ನಾಕೂ ಬತ್ತವೆ. ಒಂದ್ನೂ ಬುಟ್ಟು ನಾನ್ ಬರಕಿಲ್ಲ."

ನಾಯಿ ತಾನೆ, ಬರಲಿ ಬುಡಿ ಅಂದೆ. ಅಷ್ಟು ಸಲೀಸಾಗಿ ಅಂದೆ.

ಅವ್ವನಿಗೆ ಹೇಳಿದಾಗ ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ಎಂಡ್ತಿ ಜೊತ್ಗೆ ನಾಯಿ ಬತ್ತವೋ, ನಾಯ್ಗಳ ಜೊತ್ಗೆ ಎಂಡ್ತಿ ಬತ್ತಾಳೋ, ಸರ್ಯಾಗ್ ಕೇಳ್ಕಂಡ್ ಬಾ ಓಗ್ಲಾ" ಅಂದಳು. ನಕ್ಕೆವು.

ರಿಜಿಸ್ಟರ್ ಮದುವೆಯಾಯಿತು. ಗಿರಿಜಾ ವರ್ಗಾವಣೆಗೆ ಅರ್ಜಿ ಹಾಕಿ ಕೆಲಸಕ್ಕೆ ವಾಪಸು ಹೋದಳು. ಅದು ಆಗುವುದಕ್ಕೆ ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಅವಳ ಮನೆಗೆ ಎರಡು ಸಲ ಹೋಗಿ ಬಂದೆ. ಆ ಎರಡು ಸಲವೂ ನನಗೆ ಅನ್ನಿಸಿದ್ದು ಒಂದೇ. ನಾನು ಆ ಮನೆಗೆ ಬಂದ ನೆಂಟ. ಮನೆಯವನು ಎಲ್ಲೋ ಹೊರಗೆ ಹೋಗಿದ್ದಾನೆ, ಇನ್ನೇನು ಬರುತ್ತಾನೆ.

ನಾಯಿಗಳಲ್ಲಿ ದೊಡ್ಡದು ಸರದಾರ. ಮುಧೋಳ ಜಾತಿಯದು. ಬಿಗಿದ ಬಿಲ್ಲಿನಂಥ ಮೈ, ಉದ್ದ ಮೂತಿ, ಯಾರನ್ನೂ ಲೆಕ್ಕಕ್ಕಿಟ್ಟುಕೊಳ್ಳದ ನೋಟ. ಬಾಗಿಲ ಪಕ್ಕದಲ್ಲಿ ಬಸವರಾಜನ ಹಳೆಯ ಬಿಳಿ ಕ್ಯಾನ್‌ವಾಸ್ ಶೂಗಳಿದ್ದವು. ಸರದಾರ ಅವುಗಳ ಮೇಲೆ ಗದ್ದ ಇಟ್ಟುಕೊಂಡು ಮಲಗುತ್ತಿತ್ತು. ಉಳಿದ ಮೂರೂ ಬೀದಿಯಿಂದ ತಂದು ಸಾಕಿದವು. ಕಂದು ಬಣ್ಣದ ಗೌರಿ, ಮೈಮೇಲೆ ಪಟ್ಟೆಯಿದ್ದರೂ ತನ್ನ ನೆರಳಿಗೇ ಹೆದರುವ ಹುಲಿ, ಹಿಂಗಾಲು ಕುಂಟುವ ಪುಟ್ಟಿ. ಆ ಮೂರೂ ನಾನು ಹಾಕಿದ ಬಿಸ್ಕತ್ತು ತಿಂದವು. ಸರದಾರ ಮಾತ್ರ ನನ್ನ ಕೈಯನ್ನು ಮೂಸಿ, ಮುಖ ತಿರುಗಿಸಿಕೊಂಡು ಹೋಗಿ ಶೂಗಳ ಮೇಲೆ ಮಲಗಿತು.

ನಾಯಿ ಮುಖ ತಿರುಗಿಸಿಕೊಂಡರೆ ಒಬ್ಬ ಮೇಷ್ಟರಿಗೆ ಏನಾಗಬೇಕು? ಆದರೆ ಆಯಿತು. ಅದಕ್ಕಿಂತ ಹೆಚ್ಚು ನನಗೆ ನಾಟಿದ್ದು ಮಾತು. ಗಿರಿಜಾ ನನ್ನ ಜೊತೆ ನಮ್ಮ ಕಡೆಯ ಮಾತನ್ನೇ ಆಡುತ್ತಿದ್ದಳು. ನಾಯಿಗಳ ಕಡೆ ತಿರುಗಿದ ಕೂಡಲೇ ಅವಳ ನಾಲಿಗೆ ಬದಲಾಗುತ್ತಿತ್ತು. "ಏನ್ ಮಾಡಾಕ್ಹತ್ತಿ, ಬಾ ಇಲ್ಲೆ, ಉಣ್ಣಾಕ ಬಾ" ಅನ್ನುತ್ತಿದ್ದಳು. ಅದು ಆತನ ಕನ್ನಡ. ನಾಯಿಗಳಿಗೆ ಅದೇ ಗೊತ್ತಿದ್ದದ್ದು. ನಾನು "ಬಾರ್ಲಾ ಇಲ್ಲಿ" ಅಂದರೆ ಅವು ಪಿಳಿಪಿಳಿ ನೋಡುತ್ತಿದ್ದವು. ಅವಳು ಆ ಮಾತಾಡುವಾಗ ದನಿಯಲ್ಲಿ ಬರುತ್ತಿದ್ದ ಸಲಿಗೆ ನನ್ನ ಜೊತೆ ಮಾತಾಡುವಾಗ ಇರಲಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ನಾಚಿಕೆಗೇಡು ಅಂತ ನನಗೆ ಗೊತ್ತಿತ್ತು. ಬದುಕಿರುವವನಾದರೆ ಅವನಲ್ಲಿ ಏನಾದರೂ ಹುಳುಕು ಹುಡುಕಬಹುದು. ಸತ್ತವನು ಯಾವ ತಪ್ಪನ್ನೂ ಮಾಡುವುದಿಲ್ಲ.

ಅಂತೂ ಮಳವಳ್ಳಿಗೆ ವರ್ಗವಾಯಿತು. ಅಲ್ಲಿಯೇ ಹಿತ್ತಿಲಿರುವ ಒಂದು ಮನೆ ಹಿಡಿದೆ. ಪಾತ್ರೆ ಪರಡಿ, ಮಂಚ, ಬೀರು ಎಲ್ಲ ಹಿಂದಿನ ದಿನವೇ ಲಾರಿಯಲ್ಲಿ ಹೊರಟವು. ನಾಯಿಗಳನ್ನು ಕರೆತರುವುದಕ್ಕೆ ನನ್ನ ಭಾವಮೈದುನನ ಏಳು ಸೀಟಿನ ಕಾರನ್ನು ಕೇಳಿ ತಗೊಂಡು ಹೋಗಿದ್ದೆ. ಇದು ನಡೆದು ಈಗ ಐದು ವರ್ಷ.

ಬೆಳಕು ಹರಿಯುವ ಮುಂಚೆಯೇ ಹೊರಟೆವು. ಹಿಂದಿನ ಸೀಟುಗಳನ್ನು ಮಡಚಿ ಹಳೆಯ ದುಪ್ಪಟಿಗಳನ್ನು ಹಾಸಿದ್ದೆವು. ಪುಟ್ಟಿ ಗಿರಿಜಾಳ ತೊಡೆಯ ಮೇಲೆ, ಉಳಿದ ಮೂರೂ ಹಿಂದೆ. ಸರದಾರ ಹತ್ತುವುದಿಲ್ಲ ಅಂತ ಬಾಗಿಲಲ್ಲೇ ಹಟ ಹಿಡಿದು ನಿಂತಿತು. ಗಿರಿಜಾ ಒಳಗೆ ಹೋಗಿ ಆ ಬಿಳಿ ಶೂಗಳನ್ನು ತಂದು ಹಿಂದೆ ಇಟ್ಟಳು. ಅದು ಹಾರಿ ಹತ್ತಿ ಮಲಗಿತು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಅಷ್ಟು ದೂರ ನಾಯಿಗಳ ಜೊತೆ ಬರುವುದು ಏನು ಅಂತ ಬಂದವರಿಗೇ ಗೊತ್ತು. ದಾವಣಗೆರೆ ದಾಟುವಷ್ಟರಲ್ಲಿ ಹುಲಿ ಎರಡು ಸಲ ವಾಂತಿ ಮಾಡಿತ್ತು. ಗೌರಿ ಪ್ರತಿ ಲಾರಿಗೂ ಬೊಗಳಿತು. ಗಂಟೆಗೊಂದು ಸಲ ನಿಲ್ಲಿಸಬೇಕು, ನೀರು ಕುಡಿಸಬೇಕು, ಒಂದೊಂದನ್ನೇ ಬೆಲ್ಟು ಹಿಡಿದು ಇಳಿಸಬೇಕು. ಇದಕ್ಕೆಲ್ಲ ನನಗೆ ಬೇಸರವಾಗಲಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣಿಸಿದಾಗ ಗಿರಿಜಾ ತಾನೇ ನಕ್ಕು, "ಅವ್ರು ಇದ್ನ ನೋಡ್ದಾಗೆಲ್ಲ ಎಣ್ಸೋರು, ಪ್ರತಿ ಸಲ ತಪ್ಪು" ಅಂದಳು. ಹಿರಿಯೂರು ದಾಟಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದಾಗ, "ಅವ್ರಿಗೆ ಇಲ್ಲೀ ಟೀ ಅಂದ್ರೆ ಪ್ರಾಣ" ಅಂದಳು.

ಅವರು. ನಮ್ಮ ಕಡೆ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಅವ್ರು' ಅನ್ನುತ್ತಾಳೆ. ಗಿರಿಜಾಳ ಬಾಯಲ್ಲಿ ಆ ಮಾತು ಬಂದಾಗಲೆಲ್ಲ ಅದು ಆತನೇ. ನನ್ನನ್ನು ಅವಳು 'ನೀವು' ಅನ್ನುತ್ತಿದ್ದಳು, ಎದುರಿಗಿರುವವನಿಗೆ ಯಾರಾದರೂ ಅನ್ನುವಂತೆ. ನಾನು ಇಲ್ಲದಿರುವ ಕಡೆ ಅವಳು ನನ್ನನ್ನು ಏನನ್ನುತ್ತಾಳೋ ಅಂತ ಸ್ಟೀರಿಂಗ್ ಹಿಡಿದು ಯೋಚಿಸುತ್ತಿದ್ದೆ. ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ತುಮಕೂರು, ಕುಣಿಗಲ್ಲು, ಹುಲಿಯೂರುದುರ್ಗ ದಾಟಿ ಮದ್ದೂರಿಗೆ ಬರುವಾಗ ನಾಲ್ಕು ಗಂಟೆಯಾಗುತ್ತ ಬಂದಿತ್ತು. ಗದ್ದೆ, ಕಬ್ಬು, ತೆಂಗು ಕಣ್ಣಿಗೆ ಬಿದ್ದ ಮೇಲೆ ನನ್ನ ಮನಸ್ಸು ಹಗುರವಾಯಿತು. ಇದು ನನ್ನ ಸೀಮೆ. ಇಲ್ಲಿ ಆತ ಇಲ್ಲ. ಹಾಗಂದುಕೊಂಡು ವಡೆ ತರಲು ನಾನೇ ಹೋದೆ. ಬಿಸಿ ವಡೆ, ಈರುಳ್ಳಿ ಕರಿದ ವಾಸನೆ. ತಂದು ಕೊಟ್ಟರೆ ಗಿರಿಜಾ ಒಂದು ಚೂರು ಮುರಿದು, ಆರಿಸಿ, ಹಿಂದಕ್ಕೆ ತಿರುಗಿ ಸರದಾರನ ಬಾಯಿಗೆ ಇಟ್ಟಳು.

"ಊರಿಗ್ ಬಂದಾಗೆಲ್ಲ ಅವ್ರು ಇಲ್ಲಿ ನಿಲ್ಲಿಸ್ದೆ ಬತ್ತಿರ್ಲಿಲ್ಲ. ಮೊದಲ್ನೇ ಚೂರು ಇವನಿಗೇ ಆಗ್ಬೇಕು" ಅಂದಳು.

ನಮ್ಮೂರ ವಡೆಯನ್ನೂ ಆತ ನನಗಿಂತ ಮೊದಲೇ ಅವಳ ಜೊತೆ ಕೂತು ತಿಂದು ಹೋಗಿದ್ದ. ಈಗ ಬರೆಯುವಾಗ ನಗು ಬರುತ್ತದೆ. ಆಗ ತಿನ್ನುತ್ತಿದ್ದ ವಡೆಯನ್ನು ಅರ್ಧಕ್ಕೇ ಪೇಪರಿನಲ್ಲಿ ಸುತ್ತಿಟ್ಟೆ.

ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿ ವಾಸನೆ ಕಾರಿನೊಳಗೆ ತುಂಬಿಕೊಂಡಿತು. ನಾಯಿಗಳು ಚಡಪಡಿಸತೊಡಗಿದವು. ಹೇಗೋ ಊರು ದಾಟಿ ಸ್ವಲ್ಪ ಮುಂದೆ ಬಂದು, ನಾಲೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿದೆ. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ಗಿರಿಜಾ ಪುಟ್ಟಿಯನ್ನು ಸೀಟಿನಲ್ಲಿ ಬಿಟ್ಟು, ಗೌರಿ ಮತ್ತು ಹುಲಿಯ ಬೆಲ್ಟುಗಳನ್ನು ತಾನು ಹಿಡಿದು, ಸರದಾರನದ್ದನ್ನು ನನ್ನ ಕೈಗೆ ಕೊಟ್ಟಳು.

"ಬಿಗಿಯಾಗ್ ಇಡ್ಕಳಿ. ಜಾಗ ವಸದು ಇವನಿಗೆ" ಅಂದಳು.

ಸರದಾರ ನನ್ನನ್ನು ತಿರುಗಿಯೂ ನೋಡದೆ, ಕಬ್ಬಿನ ಕಡೆ ಮೂತಿ ಚಾಚಿ, ಎಳೆಯಿತು. ಒಂದು ಸಲ ಜಗ್ಗಿ ಹಿಡಿದೆ. ಇನ್ನೊಂದು ಸಲ ಎಳೆಯಿತು. ಆಮೇಲೆ ಗಿರಿಜಾಳಿಗೆ ನಾನು ಹೇಳಿದ್ದು, ಬೆಲ್ಟು ಕೈಯಿಂದ ಜಾರಿತು ಅಂತ. ಜಾರಲಿಲ್ಲ. ಬೆರಳು ಸಡಿಲ ಮಾಡಿದೆ. ಹೋಗು, ಹಾಳಾಗಿ ಹೋಗು ಅನ್ನುವ ಒಂದು ಮಾತು ಮನಸ್ಸಿನಲ್ಲಿ ಹಾದುಹೋಯಿತು, ಅದರ ಜೊತೆಗೇ ಬೆರಳು ಬಿಚ್ಚಿಕೊಂಡವು. ಒಂದೇ ಕ್ಷಣ. ಇದೇ ನಾನು ಮೊದಲು ಹೇಳಿದ ಸಣ್ಣತನ.

ಸರದಾರ ನಾಲೆ ಹಾರಿ ಕಬ್ಬಿನೊಳಗೆ ಹೋದದ್ದು ಕಾಣಲೇ ಇಲ್ಲ. ಅದರ ಹಿಂದೆಯೇ ಗೌರಿ, ಹುಲಿ ಎರಡೂ ಒಟ್ಟಿಗೇ ಜಗ್ಗಿದವು. ಗಿರಿಜಾ ಮಂಡಿಯೂರಿ ಬಿದ್ದಳು. ಅವೂ ಹೋದವು. ಕಾರಿನೊಳಗೆ ಪುಟ್ಟಿ ಊಳಿಡತೊಡಗಿತು.

ಅವಳು ಎದ್ದು ಮಂಡಿಯ ಮಣ್ಣನ್ನೂ ಒರೆಸಿಕೊಳ್ಳದೆ ಕರೆದಳು. ನಾನೂ ಕರೆದೆ. ನನ್ನದು ಸಣ್ಣ ದನಿ. ಹಿಂದಿನ ಬೆಂಚಿನ ಮಕ್ಕಳಿಗೆ ಕೇಳಿಸುವುದಿಲ್ಲ ಅಂತ ಇನ್‌ಸ್ಪೆಕ್ಷನ್ನಿನಲ್ಲಿ ಬರೆಸಿಕೊಂಡವನು. ಪಕ್ಕದ ಗದ್ದೆಗೆ ನೀರು ಕಟ್ಟುತ್ತಿದ್ದ ಒಬ್ಬ ಮುದುಕ ಗುದ್ದಲಿ ಹಿಡಿದುಕೊಂಡೇ ಬಂದ. ವಿಷಯ ಕೇಳಿ ತಲೆ ಅಲ್ಲಾಡಿಸಿದ.

"ಒಳಿಕ್ ಮಾತ್ರ ಓಗ್ಬ್ಯಾಡಿ ಸಾ. ಚಿರ್ತೆ ಐತೆ. ಮೊನ್ನೆ ನಮ್ ಅಟ್ಟಿ ಮುಂದ್ಲ ಕುರೀನೇ ಎತ್ಕಂಡ್ ಓಗದೆ. ನಾಯಿ ಅಂದ್ರೆ ಬುಟ್ಟಾತಾ ಅದು?"

ಅದನ್ನು ಕೇಳಿ ಗಿರಿಜಾಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅರ್ಧ ಗಂಟೆಯ ಮೇಲಾಯಿತು. ರಸ್ತೆಯುದ್ದಕ್ಕೂ ಓಡಾಡಿ ಕರೆದಳು, ಆ ಕನ್ನಡದಲ್ಲಿ ಕರೆದಳು, ಈ ಕನ್ನಡದಲ್ಲಿ ಕರೆದಳು. ಕಬ್ಬಿನ ಒಳಗಿಂದ ಒಂದು ಬೊಗಳಿಕೆಯೂ ಇಲ್ಲ. ಬಿಸಿಲು ಇಳಿಯುತ್ತಿತ್ತು. ಕೊನೆಗೆ ನಾಲೆಯ ಏರಿಯ ಮೇಲೆ ಕೂತುಬಿಟ್ಟಳು.

"ನಾನ್ ಕರುದ್ರೆ ಬರಕಿಲ್ಲ ಅವು. ಅವ್ರು ಕರುದ್ರೇ ಬರವು. ಯಾವಾಗ್ಲೂ ಅಷ್ಟೇಯ" ಅಂದಳು. ನನಗೆ ಹೇಳಿದ್ದಲ್ಲ, ನೀರಿಗೆ ಹೇಳಿದಂತೆ ಹೇಳಿದಳು.

ಅವಳನ್ನು ಹಾಗೆ ನೋಡಿದ ಮೇಲೆ ಅಲ್ಲಿ ನಿಲ್ಲುವುದಕ್ಕೆ ನನ್ನಿಂದ ಆಗಲಿಲ್ಲ. ಅದು ಧೈರ್ಯವಲ್ಲ. ನನ್ನ ಬೆರಳುಗಳು ಮಾಡಿದ ಕೆಲಸ ನನಗೆ ಗೊತ್ತಿತ್ತು. ಮುದುಕ ಬೇಡ ಬೇಡ ಅನ್ನುತ್ತಿದ್ದಂತೆಯೇ ನಾಲೆ ದಾಟಿ ಕಬ್ಬಿನೊಳಗೆ ನುಗ್ಗಿದೆ.

ಕಬ್ಬಿನ ನಾಡಿನಲ್ಲಿ ಹುಟ್ಟಿ ಬೆಳೆದವನಾದರೂ ಅಷ್ಟು ಒಳಗೆ ಒಬ್ಬನೇ ಹೋದವನಲ್ಲ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ರಸ್ತೆಯ ಸದ್ದು ನಿಂತುಹೋಯಿತು. ಗಾಳಿಯಿಲ್ಲ. ಒಣಗಿದ ಸೋಗೆ ಕೈ, ಮುಖ ಎಲ್ಲ ಕುಯ್ಯುತ್ತಿತ್ತು. ಯಾವ ಸಾಲಿನಲ್ಲಿ ಬಂದೆ, ಯಾವ ಕಡೆ ತಿರುಗಿದೆ ಅನ್ನುವುದು ತಪ್ಪಿತು. ನಿಂತೆ. ಎಡಗಡೆ ಎಲ್ಲೋ ಸೋಗೆ ಮುರಿದ ಸದ್ದು. ಆಮೇಲೆ ನಿಶ್ಶಬ್ದ. ಮತ್ತೆ ಸ್ವಲ್ಪ ಹತ್ತಿರದಲ್ಲಿ. ನಾಯಿಯಾದರೆ ಏದುಸಿರು ಕೇಳಿಸಬೇಕು. ಕೇಳಿಸಲಿಲ್ಲ.

ಸರದಾರ ಅಂತ ಕರೆಯಲು ಬಾಯಿ ತೆರೆದೆ. ಕರೆಯಬೇಕು ಅಂದುಕೊಂಡದ್ದು ಅಷ್ಟೇ ಅನ್ನುವುದು ನನಗೆ ಚೆನ್ನಾಗಿ ನೆನಪಿದೆ. ನನ್ನ ಬಾಯಿಂದ ಬಂದದ್ದು ಅದಲ್ಲ.

"ಸಂತಿ ಮುಗೀತ್ರೆಪಾ! ಮನೀಗ್ ನಡೀರಿ!"

ಆ ದನಿ ನನ್ನದಲ್ಲ. ಅದು ದಪ್ಪ ದನಿ, ಮೈದಾನದ ಆ ತುದಿಗೆ ಮುಟ್ಟಿಸಿ ಅಭ್ಯಾಸವಿದ್ದ ದನಿ. ತಮಟೆಯ ಪಕ್ಕ ನಿಂತಾಗ ಎದೆಗೂಡು ಅದುರುತ್ತದಲ್ಲ, ಹಾಗೆ ನನ್ನ ಎದೆ ಒಳಗಿನಿಂದ ಅದುರಿತು. ಅಷ್ಟರಿಂದಲೇ ಅದು ನನ್ನೊಳಗಿಂದ ಬಂತು ಅಂತ ನನಗೆ ಗೊತ್ತಾದದ್ದು. ಸಂತಿ ಅಂತೆ, ನಡೀರಿ ಅಂತೆ. ಆ ಮಾತನ್ನು ನಾನು ಎಲ್ಲಿಯೂ ಕೇಳಿದವನಲ್ಲ. ನನ್ನ ನಾಲಿಗೆ ಹಾಗೆ ಹೊರಳುವುದೂ ಇಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತೆ.

ಆಗ ಬಂದವು. ಮೊದಲು ಗೌರಿ, ಬೆಲ್ಟು ಎಳೆದುಕೊಂಡು. ಅದರ ಹಿಂದೆಯೇ ಹುಲಿ. ಸರದಾರ ಬೇರೆ ಕಡೆಯಿಂದ, ಕಬ್ಬಿನ ಗಳಗಳನ್ನು ಸೀಳಿಕೊಂಡು ಬಾಣದ ಹಾಗೆ ಬಂದು ಮುಂಗಾಲುಗಳನ್ನು ನನ್ನ ಎದೆಯ ಮೇಲಿಟ್ಟು ನಿಂತಿತು. ಎಂಟು ತಿಂಗಳಲ್ಲಿ ಅದು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನನ್ನ ಬಾಯಿಯನ್ನು ಮೂಸಿತು. ಮತ್ತೆ ಮತ್ತೆ ಮೂಸಿತು. ಸಣ್ಣಗೆ ಕುಂಯ್‌ಗುಟ್ಟಿತು. ಆಮೇಲೆ ಕೆಳಗಿಳಿದು ಮುಂದೆ ಮುಂದೆ ನಡೆಯಿತು. ನನಗೆ ದಾರಿ ಗೊತ್ತಿರಲಿಲ್ಲ. ಅದರ ಹಿಂದೆ ಹೋದೆ. ನಾನು ಯಾವ ಬೆಲ್ಟನ್ನೂ ಹಿಡಿದಿರಲಿಲ್ಲ.

ಹೊರಗೆ ಬಂದಾಗ ಗಿರಿಜಾ ನಾಲೆಯ ಏರಿಯ ಮೇಲೆ ನಿಂತಿದ್ದಳು. ನಾಯಿಗಳು ಅವಳ ಕಾಲಿಗೆ ಸುತ್ತಿಕೊಂಡವು. ಅವಳು ಅವುಗಳ ತಲೆ ಮುಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಒಬ್ಬ ಹೆಂಡತಿ ಗಂಡನನ್ನು ಹಾಗೆ ನೋಡಲಿ ಅಂತ ಎಂಟು ತಿಂಗಳಿಂದ ನಾನು ಕಾದಿದ್ದೆ. ಅದು ಬಂತು. ಆದರೆ ನನಗಲ್ಲ ಅಂತ ಆ ಕ್ಷಣವೇ ಗೊತ್ತಾಯಿತು.

ಮುದುಕ ನನ್ನ ಹಿಂದೆ ಕಬ್ಬಿನ ಕಡೆ ಕತ್ತು ಚಾಚಿ ಕೇಳಿದ. "ಕೂಗ್ದೋರು ಇನ್ನೂ ಒಳ್ಗೇ ಅವ್ರಾ?"

"ನಾನೇ ಕೂಗಿದ್ದು" ಅಂದೆ. ದನಿ ಹೊರಡಲಿಲ್ಲ, ಪಿಸುಗುಟ್ಟಿದಂತೆ ಆಯಿತು.

"ನೀವ್ ಆಗ್ಲೇ ಕೂಗಿದ್ ಕೇಳಿವ್ನಿ ಬುಡಿ ಸಾ. ಇದು ಬ್ಯಾರೆ ಗಂಟ್ಲು. ಆ ತೋಟದ್ ಮನೆಗಂಟ ಕೇಳ್ಸದೆ" ಅಂದ. ನಾವು ಗಾಡಿ ಹತ್ತಿ ಹೊರಟರೂ ಅವನು ಅಲ್ಲೇ ನಿಂತು ಕಬ್ಬನ್ನು ನೋಡುತ್ತಿದ್ದ, ಇನ್ನೊಬ್ಬರು ಬರಬೇಕಾಗಿದೆ ಅನ್ನುವ ಹಾಗೆ.

ಮಳವಳ್ಳಿಯ ದೀಪಗಳು ಕಾಣಿಸಿದಾಗ ಗಿರಿಜಾ ಕೇಳಿದಳು. "ಆ ಮಾತ್ನ ನಿಮ್ಗೆ ಯಾರ್ ಹೇಳುದ್ರು?"

ಯಾರೂ ಇಲ್ಲ ಅಂದೆ. ಹೇಗೆ ಬಂತೋ ಗೊತ್ತಿಲ್ಲ ಅಂದೆ.

ಆಗ ಹೇಳಿದಳು. ಬಸವರಾಜ ದಿನಾ ಸಂಜೆ ನಾಯಿಗಳನ್ನು ಕೆರೆಯ ಏರಿಗೆ ಕರೆದುಕೊಂಡು ಹೋಗಿ ಬೆಲ್ಟು ಬಿಚ್ಚಿ ಬಿಡುತ್ತಿದ್ದನಂತೆ. ಕತ್ತಲಾಗುವ ಮುಂಚೆ ಒಂದೇ ಕೂಗು. ಸಂತೆಗೆ ಬಂದ ಜನರನ್ನು ಮನೆಗೆ ಹೊರಡಿಸುವಂತೆ, ತಮಾಷೆಗೆ. ಎಲ್ಲಿದ್ದರೂ ಓಡಿ ಬರುತ್ತಿದ್ದವಂತೆ. "ಕೆರೆ ಏರಿ ಮೇಲ್ ಬಿಟ್ರೆ ಇನ್ನೆಲ್ಲೂ ಅನ್ನೋರಲ್ಲ. ಕೇಳಿರೋಳು ನಾನೊಬ್ಳೇ. ಅವ್ರು ಓದ್ ಮೇಲೆ ನಾನೂ ಒಂದಿನಾನೂ ಆ ಮಾತ್ನ ಬಾಯ್ ಬಿಟ್ಟು ಅಂದಿಲ್ಲ. ಅನ್ನಕಾಗಿಲ್ಲ" ಅಂದಳು. ಆಮೇಲೆ ಸೀರೆಯ ಸೆರಗು ಬಾಯಿಗೆ ಇಟ್ಟುಕೊಂಡು ಮನೆ ಬರುವವರೆಗೆ ಅತ್ತಳು. ಅವಳ ಭುಜದ ಮೇಲೆ ಕೈ ಇಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಇಟ್ಟರೆ ಅದು ಯಾರ ಕೈ ಆಗುತ್ತದೆ?

ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಮೂರು ದಿನ ಮಾತೇ ಹೊರಡಲಿಲ್ಲ. ಜೋರಾಗಿ ಕಿರುಚಿದರೆ ಹೀಗೆ ಬಾವು ಬರುತ್ತದೆ ಅಂದರು ಡಾಕ್ಟರು.

ಮಾತು ಬಂದ ಮೇಲೆ ನಾನು ವಿಜ್ಞಾನದ ಮೇಷ್ಟರಾದೆ. ಎಲ್ಲೋ ಕೇಳಿರಬೇಕು, ತಲೆಯೊಳಗೆ ಉಳಿದಿರಬೇಕು, ಹೆದರಿಕೆಯಲ್ಲಿ ಹೊರಗೆ ಬಂದಿರಬೇಕು. ಸರಿ, ಎಲ್ಲಿ ಕೇಳಿದೆ? ಗಿರಿಜಾ ತನ್ನ ಫೋನಿನಲ್ಲಿದ್ದ ಹಳೆಯ ವಿಡಿಯೋಗಳನ್ನೆಲ್ಲ ಹಾಕಿ ತೋರಿಸಿದಳು. ಆತ ನಗುವುದಿತ್ತು, ಮಕ್ಕಳಿಗೆ ಸೀಟಿ ಊದುವುದಿತ್ತು. ಆ ಮಾತು ಒಂದರಲ್ಲೂ ಇರಲಿಲ್ಲ. ಉಳಿದದ್ದು ಒಂದೇ ದಾರಿ. ನಾನು ಅವಳ ಮನೆಯಲ್ಲಿ ಉಳಿದಿದ್ದಾಗ ಅವಳು ನಿದ್ದೆಯಲ್ಲಿ ಅದನ್ನು ಅಂದಿರಬಹುದು, ಅರೆನಿದ್ದೆಯಲ್ಲಿದ್ದ ನನ್ನ ಕಿವಿಗೆ ಬಿದ್ದಿರಬಹುದು. ಇದು ತರ್ಕಕ್ಕೆ ಕೂಡುತ್ತದೆ. ಆದರೆ ಇದು ನಿಜವಾದರೆ, ನನ್ನನ್ನು ಮದುವೆಯಾದ ಮೇಲೂ ಅವಳು ಕನಸಿನಲ್ಲಿ ಆ ಕೆರೆಯ ಏರಿಯ ಮೇಲೆ ಆತನ ಪಕ್ಕದಲ್ಲಿ ನಿಂತಿದ್ದಾಳೆ. ಸತ್ತವನು ಬಂದು ನನ್ನ ಗಂಟಲಲ್ಲಿ ಕೂತು ಕರೆದ ಅಂತಾದರೆ ಒಂದು ಥರ. ಅವಳು ಕನಸಿನಲ್ಲಿ ಕರೆದಳು ಅಂತಾದರೆ ಇನ್ನೊಂದು ಥರ. ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಎಷ್ಟೋ ದಿನ ಅವಳು ಮಲಗಿದ ಮೇಲೆ ಕಿವಿಗೊಟ್ಟು ಕಾದಿದ್ದೇನೆ. ಅವಳು ನಿದ್ದೆಯಲ್ಲಿ ಒಂದು ಮಾತೂ ಆಡುವುದಿಲ್ಲ.

ಅವ್ವ ಮಾತ್ರ ಸುಲಭವಾಗಿ ಮುಗಿಸಿದಳು. "ಒಳ್ಳೆವ್ನೇ ಕಣ್ಲಾ ಅವನು. ನಾಯ್ಗಳ ನಿನ್ ಕೈಗೆ ಒಪ್ಸ್‌ಬುಟ್ಟು ಓಗವ್ನೆ. ಅದ್ಕ್ಯಾಕ್ ಮಕ ಗಂಟಾಕ್ಕೊಂಡಿದ್ದೀಯೆ?"

ಬೆಲ್ಟಿನ ವಿಷಯವನ್ನು ಗಿರಿಜಾಳಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಹಿತ್ತಿಲಲ್ಲಿ ಅವಳು ಬಟ್ಟೆ ಹಿಂಡುತ್ತಿದ್ದಾಗ, ಅದು ಜಾರಲಿಲ್ಲ, ನಾನೇ ಬಿಟ್ಟೆ ಅಂದೆ. ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ನಿಮ್ ಕೈ ನೋಡ್ತಿದ್ದೆ" ಅಂದಳು. ಇನ್ನೊಂದು ಬಟ್ಟೆ ಎತ್ತಿಕೊಂಡು, "ಒಳಿಕ್ ಓದ್ರಲ್ಲ, ಅದ್ನೂ ನೋಡ್ದೆ" ಅಂದಳು.

ಸರದಾರ ಹೋದ ವರ್ಷ ಸತ್ತಿತು. ವಯಸ್ಸಾಗಿತ್ತು. ನಾಲ್ಕು ದಿನ ಏನೂ ಮುಟ್ಟದೆ ಹಿತ್ತಿಲ ಮೂಲೆಯಲ್ಲಿ ಮಲಗಿತ್ತು. ಆ ನಾಲ್ಕು ವರ್ಷದಲ್ಲಿ ಅದು ನನ್ನ ಕೈಯಿಂದ ಅನ್ನ ತಿಂದಿತ್ತು, ನನ್ನ ಜೊತೆ ವಾಕಿಂಗ್ ಬಂದಿತ್ತು. ಒಮ್ಮೊಮ್ಮೆ ಹತ್ತಿರ ಬಂದು ನನ್ನ ಬಾಯಿ ಮೂಸಿ ನೋಡಿ, ಸುಮ್ಮನೆ ಹೋಗುತ್ತಿತ್ತು. ಕೊನೆಯ ದಿನ ಮಧ್ಯಾಹ್ನ ಗಿರಿಜಾ ಅದರ ಪಕ್ಕ ಕೂತವಳು ತಲೆಯೆತ್ತಿ ನನ್ನನ್ನು ಕೇಳಿದಳು.

"ಒಂದ್ಸಲ ಕರೀತೀರಾ? ಆವತ್ತಿನಂಗೆ."

ಎಂದೂ ಕೇಳಿರಲಿಲ್ಲ ಅವಳು. ಅಷ್ಟು ವರ್ಷದಲ್ಲಿ ನನ್ನನ್ನು ಅವಳು ಕೇಳಿಕೊಂಡದ್ದೇ ಕಡಿಮೆ. ಆಗುವುದಿಲ್ಲ ಅನ್ನಬೇಕೆಂದುಕೊಂಡೆ. ಆತನ ಮಾತನ್ನು ಆತನ ದನಿಯಲ್ಲಿ ನನ್ನ ಬಾಯಿಂದ ಕೇಳುವ ಆಸೆ ಅವಳಿಗೆ ಅಷ್ಟು ದಿನ ಒಳಗೇ ಇತ್ತಲ್ಲ ಅನ್ನುವುದು ಚುಚ್ಚಿತು. ಆದರೂ ನಿಂತುಕೊಂಡೆ. ಉಸಿರೆಳೆದುಕೊಂಡೆ. ಬರಲಿ, ಬೇಕಾದರೆ ಬಂದು ಕರೆದುಕೊಂಡು ಹೋಗಲಿ ಅಂತ ಮನಸ್ಸಿನಲ್ಲೇ ಬಸವರಾಜನಿಗೆ ಜಾಗ ಬಿಟ್ಟುಕೊಟ್ಟೆ.

ಯಾರೂ ಬರಲಿಲ್ಲ. ನನ್ನದೇ ಸಣ್ಣ ದನಿ, ನನ್ನದೇ ಮಾತು ಹೊರಟಿತು. "ಸಂತೆ ಮುಗೀತು ಕಣ್ಲಾ ಸರದಾರ. ನಡೀಲಾ ಮನೆಗೆ."

ಸರದಾರ ಕಣ್ಣು ತೆರೆಯಿತು. ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ತಲೆ ಎತ್ತಲು ನೋಡಿತು. ಆದರೆ ಅದು ನೋಡುತ್ತಿದ್ದದ್ದು ನನ್ನನ್ನಲ್ಲ. ನನ್ನ ಎಡಗಡೆ, ಭುಜದ ಸ್ವಲ್ಪ ಆಚೆ. ಗಿರಿಜಾಳನ್ನು ನೋಡಿದೆ. ಅವಳೂ ಅಲ್ಲಿಯೇ ನೋಡುತ್ತಿದ್ದಳು, ಅಳುತ್ತಿರಲಿಲ್ಲ. ನಾನು ತಿರುಗಿ ನೋಡಿದೆ. ಹಿತ್ತಿಲ ಗೋಡೆ, ಬಟ್ಟೆ ಹಾಕುವ ತಂತಿ. ಅದರ ಮೇಲೆ ಬೆಳಿಗ್ಗೆ ಅವಳು ಒಗೆದು ಹಾಕಿದ್ದ ನನ್ನದೇ ಒಂದು ಬಿಳಿ ಶರಟು.